ಮಕ್ಕಳ ಮನಸ್ಸು, ಮಾಸ್ತರರ ದಫ್ತರ



ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆಪ್ತಸಲಹೆ ಎಂದೊಡನೆ ಪಟ್ಟಣವಾಸಿಗಳಾದ ನಮ್ಮ ಮನಸ್ಸಿಗೆ ಒಂದು ಚಿತ್ರ ಬರುವುದುಂಟು. ಬಾಗಿಲಿಗೆ ಹೆಸರಿನ ಹಲಗೆ ತೂಗಿಸಿದ ಸಣ್ಣ ಕೊಠಡಿ. ಒಳಗೆ ಎರಡು ಕುರ್ಚಿ, ಕೆಲವು ಆಟಿಕೆ. ಅಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ ಪಡೆದ ಒಬ್ಬರು, ಅವರ ಎದುರಿಗೆ ತಲೆ ತಗ್ಗಿಸಿ ಕುಳಿತ ಒಂದು ಮಗು. ನಗರದ ಕೆಲವು ದೊಡ್ಡ ಶಾಲೆಗಳಲ್ಲಿ ಇಂಥ ಕೊಠಡಿಗಳು ಇವೆ, ಇರಬೇಕಾದುದೂ ಸರಿ. ಆದರೆ ಈ ಹೊತ್ತು ನಾನು ಮಾತನಾಡಹೊರಟಿರುವ ಶಾಲೆಯಲ್ಲಿ ಆ ಕೊಠಡಿಯೂ ಇಲ್ಲ, ಆ ಪದವೀಧರರೂ ಇಲ್ಲ. ಇರುವವರು ಮಾಸ್ತರರು, ಅಕ್ಕೋರು, ಮತ್ತು ಮೇಜಿನ ಮೇಲೊಂದು ಹಾಜರಿ ಪುಸ್ತಕ. ಇಷ್ಟರಿಂದಲೇ ಆಪ್ತಸಲಹೆಯ ಕೆಲಸವನ್ನು ವರ್ಷದುದ್ದಕ್ಕೂ ಕ್ರಮವಾಗಿ ನಡೆಸಬಹುದೇ, ನಡೆಸಿದರೆ ಅದರಿಂದ ಮಗುವಿಗೆ ಏನಾಯಿತೆಂದು ತಿಳಿಯುವ ಬಗೆ ಹೇಗೆ, ಎಂಬುದೇ ನನ್ನ ವಿಷಯ.

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನಲ್ಲಿ ಬೇವೂರು ಎಂಬ ಊರಿದೆ. 1948ರವರೆಗೆ ಈ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಅದರೊಳಗೆ ಕೊಪ್ಪಳ ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಿಯಾಗಿದ್ದುವು. ಮೇಲಿನ ತರಗತಿಗಳ ಮಾತು ಉರ್ದು, ಮನೆಯ ಮಾತು ಕನ್ನಡ. ತಮ್ಮ ಮಾತಿನಲ್ಲಿ ಓದಬೇಕೆಂಬವರ ಹಂಬಲದಿಂದ ಅದೇ ಸೀಮೆಯ ಕುಕನೂರಿನಲ್ಲಿ 1922ರಲ್ಲಿ ವಿದ್ಯಾನಂದ ಗುರುಕುಲವು ಸ್ಥಾಪಿತವಾಯಿತು. ಶಾಲೆಯ ಹೊಸ್ತಿಲು ದಾಟಿದೊಡನೆ ಬಾಯಿ ಕಟ್ಟಿಹೋಗುವ ಮಗುವಿನ ಸಂಕಟವನ್ನು ಆ ಸೀಮೆಯ ಹಿರಿಯರು ಮನಶ್ಶಾಸ್ತ್ರದ ಗ್ರಂಥಗಳಿಂದ ತಿಳಿಯಬೇಕಾಗಿರಲಿಲ್ಲ. 1956ರಲ್ಲಿ ಈ ಪ್ರದೇಶವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು; 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಕೊಪ್ಪಳ ಜಿಲ್ಲೆಯಾಯಿತು. ನಾಲ್ಕೂ ಒಂದೇ ತೆರನಲ್ಲ. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಟು, ಭತ್ತದ ಗದ್ದೆಯುಂಟು. ಯಲಬುರ್ಗಾ ಕುಷ್ಟಗಿಗಳ ರೈತನು ಹೆಚ್ಚಾಗಿ ಮುಗಿಲನ್ನೇ ನಂಬಿದವನು. ಡಾಕ್ಟರ್ ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು.

ಮಳೆ ಕೈಕೊಟ್ಟರೆ, ಅಥವಾ ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲವಾದರೆ, ಜನ ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಾರೆ. ಬೆಂಗಳೂರಿಗೆ, ಮಂಗಳೂರಿಗೆ, ಗೋವೆಗೆ; ಕಟ್ಟಡದ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ. ಕೆಲವರು ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ಯುವರು. ಕೆಲವರು ಅಜ್ಜಿಯ ಬಳಿ ಬಿಟ್ಟುಹೋಗುವರು. ಶಾಲೆಯ ದೃಷ್ಟಿಯಲ್ಲಿ ಮೊದಲನೆಯ ಮಗುವು ಗೈರುಹಾಜರಿ, ಎರಡನೆಯದು ಹಾಜರಿ. ಹಾಜರಿ ಎಂದು ಬರೆದುಕೊಂಡ ಆ ಮಗುವು ಕಿಟಕಿಯ ಹೊರಗೆ ನೋಡುತ್ತ ಕುಳಿತಿರುತ್ತದೆ. ಏಕೆಂದು ಕೇಳಿದರೆ, “ಅವ್ವ ಅಪ್ಪ ದುಡಿಯಾಕ ಹೋಗ್ಯಾರ್ರೀ, ನಾ ಆಯಿ ಹತ್ರ ಅದೀನ್ರೀ” ಎನ್ನುತ್ತದೆ. ದುಃಖವೆಂಬ ಮಾತನ್ನು ಮಗುವು ಎತ್ತುವುದಿಲ್ಲ; ವಿಳಾಸವನ್ನಷ್ಟೇ ಹೇಳುತ್ತದೆ. ಅದನ್ನು ಕೇಳಿ ಮುಂದಿನ ಮಾತಾಡಬಲ್ಲವನೇ ಆಪ್ತಸಲಹೆಗಾರ. ಆತನಿಗೆ ಹುದ್ದೆಯಿರಲಿ, ಇಲ್ಲದಿರಲಿ.

ಈ ವಿದ್ಯೆ ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರು ಎಂಬುದನ್ನು ಇಲ್ಲಿ ನೆನೆಯಬಹುದು. ಉತ್ತರದಲ್ಲಿ ವಿ. ವಿ. ಕಾಮತರು, ಫ್ರಾನ್ಸಿನ ಬಿನೆ ಎಂಬ ವಿದ್ವಾಂಸನ ಬುದ್ಧಿಪರೀಕ್ಷೆಯನ್ನು ಮುಂಬಯಿ ಕರ್ನಾಟಕದ ಕನ್ನಡ ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ, 1940ರಲ್ಲಿ ಆ ಕುರಿತು ಗ್ರಂಥವನ್ನು ಹೊರತಂದರು. ಬಿನೆಯ ಮೂಲ ಪರೀಕ್ಷೆ 1905ರದು. ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ಕಂಡುಕೊಳ್ಳುವುದಕ್ಕಾಗಿ ಆತನು ಅದನ್ನು ರಚಿಸಿದನು. ಮುಂದೆ ಅನೇಕ ದೇಶಗಳಲ್ಲಿ ಅದೇ ಅಂಕಿಯನ್ನು ಮಗುವಿನ ಹಣೆಯ ಮೇಲೆ ಅಂಟಿಸಿ, ‘ಇದು ಮಂದ, ಇದಕ್ಕೆ ಓದು ಹತ್ತದು’ ಎಂದು ಕೈತೊಳೆದುಕೊಳ್ಳುವುದಕ್ಕೆ ಬಳಸಿದರು. ದಾಖಲೆ ಎಂಬುದು ಎರಡು ಅಲಗಿನ ಕತ್ತಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಮಾತಿಗೆ ಮತ್ತೆ ಬರುತ್ತೇನೆ.

ಊರಿನ ಸಾಮಾನ್ಯರಿಗೆ ಮನಸ್ಸಿನ ಆರೈಕೆಯನ್ನು ಮುಟ್ಟಿಸುವ ಪ್ರಯತ್ನವೂ ಕೊಪ್ಪಳದ ಪಕ್ಕದಲ್ಲಿಯೇ ನಡೆದುದು. ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋವೈದ್ಯರಿಲ್ಲದ ಕಡೆಯಲ್ಲಿಯೂ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. 1996ರಲ್ಲಿ ಭಾರತ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದ್ದು ಈ ಬಳ್ಳಾರಿಯ ಮಾದರಿಯ ಮೇಲೆ. ತಜ್ಞರಲ್ಲದವರೂ ಸ್ವಲ್ಪ ತರಬೇತಿಯಿಂದ ಬಹಳಷ್ಟನ್ನು ಮಾಡಬಲ್ಲರೆಂಬುದು ಅಲ್ಲಿಯ ಪಾಠ. ಬೆಂಗಳೂರಿನಲ್ಲಿ ಡಾಕ್ಟರ್ ಸಿ. ಆರ್. ಚಂದ್ರಶೇಖರರು ಕನ್ನಡದಲ್ಲಿ ಗ್ರಂಥಗಳನ್ನು ಬರೆದು, ಸಾಮಾನ್ಯ ನಾಗರಿಕರಿಗೆ ಆಪ್ತಸಲಹೆಯ ತರಬೇತಿ ಕೊಟ್ಟುದೂ ಇದೇ ನಂಬಿಕೆಯಿಂದ.

ಹಾಗಾದರೆ ಉಪಾಧ್ಯಾಯರು ಮಾಡಬೇಕಾದುದೇನು? ಮೊದಲು ವರ್ಷವನ್ನು ಮುಂಗಂಡು ಯೋಜಿಸಬೇಕು. ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ನಡೆಯುತ್ತದೆ. ಜೂನ್ ತಿಂಗಳಲ್ಲಿ ‘ಸ್ನೇಹ’, ಜುಲೈಯಲ್ಲಿ ‘ಶಿಸ್ತು’, ಆಗಸ್ಟಿನಲ್ಲಿ ‘ದೇಶಪ್ರೇಮ’ ಎಂದು ಅಂದವಾದ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸುತ್ತಾರೆ. ಮಗುವಿನ ಸಂಕಟವು ಈ ಪಟ್ಟಿಯನ್ನು ಓದಿಕೊಂಡು ಬರುವುದಿಲ್ಲ. ಅದು ಬರುವುದು ಊರಿನ ಪಂಚಾಂಗದ ಪ್ರಕಾರ. ಜೂನಿನಲ್ಲಿ ಒಂದನೆಯ ತರಗತಿಗೆ ಬಂದ ಮಗುವಿಗೆ ಮನೆಯನ್ನು ಅಗಲಿದ ಅಳು. ಗುಳೆಯಿಂದ ಮರಳಿ ಬಂದ ಮಗುವಿಗೆ ಜೊತೆಯವರು ಮುಂದೆ ಹೋಗಿಬಿಟ್ಟರೆಂಬ ನಾಚಿಕೆ. ಬಿತ್ತನೆ ಕಳೆಗಳ ಕಾಲದಲ್ಲಿ ತಾಯಿ ಹೊಲಕ್ಕೆ ಹೋದರೆ ಹತ್ತು ವರ್ಷದ ಹುಡುಗಿಯು ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವಳು. ದೀಪಾವಳಿ ಕಳೆದು ಮುಂಗಾರಿನ ಫಸಲು ಮನೆಗೆ ಬಂದ ಮೇಲೆ ಯಾವ ಮನೆಗೆ ಬೀಗ ಬೀಳುವುದೋ ಎಂಬ ಅಳುಕು. ಮಾರ್ಚಿಯಲ್ಲಿ ಪರೀಕ್ಷೆಯ ಭಯ. ಅಷ್ಟು ಹೊತ್ತಿಗೆ ಮದುವೆಯ ಕಾಲವೂ ಬಂದಿರುತ್ತದೆ. ಏಳನೆಯ ತರಗತಿಯ ಹುಡುಗಿಯರ ವಿಷಯದಲ್ಲಿ ಇದನ್ನು ಮರೆಯುವ ಹಾಗಿಲ್ಲ. ಊರಿನ ಇಬ್ಬರು ಅಜ್ಜಿಯರನ್ನೂ ಅಂಗನವಾಡಿಯ ಕಾರ್ಯಕರ್ತೆಯನ್ನೂ ಕೂರಿಸಿಕೊಂಡು ಒಂದು ಮಧ್ಯಾಹ್ನ ಮಾತನಾಡಿದರೆ ಈ ಪಂಚಾಂಗವು ತಾನೇ ಸಿದ್ಧವಾಗುತ್ತದೆ. ಗುಳೆಯು ನವೆಂಬರಿನಲ್ಲಿ ಆರಂಭವಾಗುವುದಾದರೆ, ಅಜ್ಜಿಯ ಬಳಿ ಉಳಿಯುವ ಮಕ್ಕಳೊಡನೆ ಮಾತು ಅಕ್ಟೋಬರಿನಲ್ಲಿಯೇ ಆಗಬೇಕು. ಬೀಗ ಬಿದ್ದ ಮೇಲೆ ಹೋಗಿ ಕದ ತಟ್ಟಿದರೆ ಪ್ರಯೋಜನವಿಲ್ಲ.

ಇನ್ನು ಗಮನವಿಟ್ಟು ನೋಡುವ ವಿಚಾರ. ಅಮೆರಿಕ ದೇಶದ ಶಾಲಾ ಆಪ್ತಸಲಹೆಗಾರರ ಸಂಘವು 2003ರಲ್ಲಿ ಒಂದು ಮಾದರಿಯನ್ನು ಪ್ರಕಟಿಸಿತು. 250 ಮಕ್ಕಳಿಗೆ ಒಬ್ಬ ಸಲಹೆಗಾರನಿರಬೇಕೆಂದೂ, ಆತನ ವೇಳೆಯ ನೂರಕ್ಕೆ 80 ಪಾಲು ಮಕ್ಕಳ ಕೆಲಸಕ್ಕೇ ಸಲ್ಲಬೇಕೆಂದೂ ಆ ಸಂಘದ ಶಿಫಾರಸು. ನಮ್ಮ ಹಳ್ಳಿಯ ಶಾಲೆಗೆ ಈ ಅಂಕಿಗಳು ಬಹು ದೂರದವು. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಚುನಾವಣೆಯ ಕೆಲಸ, ಜನಗಣತಿ ಎಂದು ಮಾಸ್ತರರ ವೇಳೆ ಎಲ್ಲೆಲ್ಲಿಯೋ ಹರಿದುಹೋಗುತ್ತದೆ. ಆದರೆ ಅದೇ ಮಾದರಿಯಲ್ಲಿ ನಮಗೆ ಉಪಯುಕ್ತವಾದ ಒಂದು ವಿವೇಕವಿದೆ. ಲೆಕ್ಕವನ್ನು ಅವರು ಮೂರಾಗಿ ಬೇರ್ಪಡಿಸುತ್ತಾರೆ: ನಾವು ಮಾಡಿದ್ದೇನು, ಅದರಿಂದ ಮಗುವು ತಿಳಿದುಕೊಂಡದ್ದೇನು, ಕೊನೆಗೆ ಮಗುವಿನ ಬಾಳಿನಲ್ಲಿ ಬದಲಾದದ್ದೇನು. ನಮ್ಮ ವರದಿಗಳೆಲ್ಲ ಮೊದಲನೆಯದರಲ್ಲಿಯೇ ನಿಂತುಬಿಡುತ್ತವೆ. ‘ಆರು ಉಪನ್ಯಾಸಗಳು ನಡೆದುವು, 140 ಮಕ್ಕಳು ಭಾಗವಹಿಸಿದರು’ ಎಂದು ಬರೆದರೆ ಮೇಲಿನವರಿಗೆ ಸಂತೋಷ. ಆ 140ರಲ್ಲಿ ಒಬ್ಬನಾದರೂ ರಾತ್ರಿ ನೆಮ್ಮದಿಯಿಂದ ನಿದ್ರಿಸಿದನೇ ಎಂಬುದು ಆ ಕಾಗದದಲ್ಲಿ ಕಾಣುವುದಿಲ್ಲ.

ಬದಲಾದುದನ್ನು ಕಾಣಲು ಹೊಸ ಯಂತ್ರವೇನೂ ಬೇಡ. ಹಾಜರಿ ಪುಸ್ತಕವೇ ಸಾಕು. ಆದರೆ ನಾವು ಅದನ್ನು ಅಡ್ಡವಾಗಿ ಓದುತ್ತೇವೆ: ಇಂದು ಎಷ್ಟು ಜನ ಬಂದರು? ಊಟಕ್ಕೆ ಎಷ್ಟು ಅಕ್ಕಿ? ಅದನ್ನೇ ಒಂದೊಂದು ಮಗುವಿನ ಸಾಲು ಹಿಡಿದು, ತಿಂಗಳಿಂದ ತಿಂಗಳಿಗೆ ಓದಬೇಕು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಶಾಲೆ ನಡೆದ ದಿನಗಳಲ್ಲಿ ಜುಲೈ ತಿಂಗಳು 22 ದಿನ ಬಂದಳು; ಆಗಸ್ಟಿನಲ್ಲಿ 16; ಸೆಪ್ಟೆಂಬರಿನಲ್ಲಿ 9. ಬಂದ ದಿನಗಳಲ್ಲಿಯೂ ಸೋಮವಾರಗಳು ಕಡಿಮೆ. ಮಧ್ಯಾಹ್ನದ ಊಟವಾದ ಮೇಲೆ ಕಾಣೆ. ಯಾರೂ ಇವಳನ್ನು ಬೈದಿಲ್ಲ, ಇವಳೂ ಯಾರೊಡನೆಯೂ ಜಗಳವಾಡಿಲ್ಲ. ಗದ್ದಲ ಮಾಡುವ ಹುಡುಗನನ್ನು ಎಲ್ಲರೂ ಗಮನಿಸುತ್ತಾರೆ. ಮೆಲ್ಲನೆ ಅಳಿಸಿಹೋಗುವ ಇಂಥ ಹುಡುಗಿಯನ್ನು ಗಮನಿಸುವುದು ಈ ಸಾಲು ಮಾತ್ರ. ಅಕ್ಕೋರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ದಿನ ಮಾತಾಡಿದಾಗ ತಿಳಿಯುವುದು: ಮನೆಯಲ್ಲಿ ಒಂದೂವರೆ ವರ್ಷದ ತಮ್ಮನಿದ್ದಾನೆ, ತಾಯಿ ಉದ್ಯೋಗಖಾತರಿಯ ಕೆಲಸಕ್ಕೆ ಹೋಗುತ್ತಾಳೆ. ಈ ಹುಡುಗಿಗೆ ಧೈರ್ಯದ ಮಾತು ಹೇಳಿ ಫಲವೇನು? 2023ರಿಂದ ಕರ್ನಾಟಕದ ಗ್ರಾಮಪಂಚಾಯತಿಗಳಲ್ಲಿ ಇಂಥ ತಾಯಂದಿರ ಶಿಶುಗಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯತೊಡಗಿದ್ದಾರೆ. ತಮ್ಮನನ್ನು ಅಲ್ಲಿಗೆ ಸೇರಿಸಿದರೆ ಅಕ್ಕ ಶಾಲೆಗೆ ಬರುವಳು. ಪಂಚಾಯತಿಯ ಕಾರ್ಯದರ್ಶಿಯ ಬಳಿಗೆ ಹೋಗಿ ಈ ಮಾತಾಡುವುದೂ ಆಪ್ತಸಲಹೆಯೇ ಎಂದು ನಾನು ಬಲವಾಗಿ ನಂಬಿದ್ದೇನೆ. ಅಕ್ಟೋಬರಿನ ಸಾಲಿನಲ್ಲಿ 9 ಹೋಗಿ 18 ಆದರೆ, ಅದೇ ಫಲಿತಾಂಶ.

ಮಕ್ಕಳೂ ತಮ್ಮ ಮನಸ್ಸಿನ ಲೆಕ್ಕವನ್ನು ತಾವೇ ಇಡಬಲ್ಲರು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ‘ನಲಿ ಕಲಿ’ ಪದ್ಧತಿಯಲ್ಲಿ ಕಲಿಕೆಯ ಏಣಿಯುಂಟು. ತಾನು ಎಷ್ಟನೆಯ ಮೆಟ್ಟಿಲಿನಲ್ಲಿದ್ದೇನೆಂದು ಆರು ವರ್ಷದ ಮಗುವು ತಾನೇ ನೋಡಿಕೊಳ್ಳುತ್ತದೆ. ಅದೇ ರೀತಿ ಬೆಳಿಗ್ಗೆ ಒಳಗೆ ಬರುವಾಗ ‘ಇಂದು ನನ್ನ ಮನಸ್ಸು ಹೇಗಿದೆ’ ಎಂದು ಬಿಸಿಲಿನ ಚಿತ್ರದ ಡಬ್ಬಿಗೋ ಮೋಡದ ಚಿತ್ರದ ಡಬ್ಬಿಗೋ ಒಂದು ಹುಣಸೆಬೀಜ ಹಾಕುವ ರೂಢಿಯನ್ನು ಮಾಡಬಹುದು. ಯಾವ ಮಗುವು ಎಲ್ಲಿ ಹಾಕಿತೆಂದು ಎಲ್ಲರ ಮುಂದೆ ಕೇಳಬಾರದು. ಸಂಜೆ ಮೋಡದ ಡಬ್ಬಿ ತುಂಬಿದ್ದರೆ, ನಾಳೆಯ ಮೊದಲ ಪಾಠ ಕಥೆಯಾಗಲಿ.

ಇದುವರೆಗೆ ಬರೆಯಬೇಕಾದುದನ್ನು ಕುರಿತು ಹೇಳಿದೆ. ಬರೆಯಬಾರದುದನ್ನು ಕುರಿತು ಹೇಳುವಾಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಬಹಳ ವರ್ಷಗಳ ಹಿಂದೆ, ಒಂದು ಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ಉತ್ಸಾಹದಿಂದ ಒಂದೊಂದು ಮಗುವಿಗೂ ಒಂದೊಂದು ಹಾಳೆಯಿಟ್ಟು, ಕೇಳಿದುದನ್ನೆಲ್ಲ ಬರೆಯುತ್ತಿದ್ದೆ. ಐದನೆಯ ತರಗತಿಯ ಒಬ್ಬ ಹುಡುಗನು ತನ್ನ ತಂದೆ ಕುಡಿದು ಬಂದು ತಾಯಿಯನ್ನು ಹೊಡೆಯುವನೆಂದು ನನಗೆ ಹೇಳಿದನು. ಹೇಳುವ ಮೊದಲು, “ಯಾರಿಗೂ ಹೇಳಬ್ಯಾಡ್ರೀ ಸರ” ಎಂದನು. ನಾನು ಯಾರಿಗೂ ಹೇಳಲಿಲ್ಲ. ಬರೆದೆ. ದಪ್ಪ ಅಕ್ಷರದಲ್ಲಿ, ತಾರೀಖು ಸಹಿತ ಬರೆದೆ. ಒಂದು ದಿನ ಸಭೆಗೆ ಬಂದವರೊಬ್ಬರು ಮೇಜಿನ ಮೇಲಿದ್ದ ಪುಸ್ತಕವನ್ನು ಸುಮ್ಮನೆ ತಿರುವಿಹಾಕಿದರು. ಅವರು ಆ ಮನೆಗೆ ಬೇಕಾದವರು. ಮಾರನೆಯ ದಿನದಿಂದ ಹುಡುಗನು ಬರಲಿಲ್ಲ. ಎರಡು ತಿಂಗಳ ಮೇಲೆ ಬಂದನು. ವರ್ಷ ಮುಗಿಯುವವರೆಗೂ ಪ್ರಶ್ನೆ ಕೇಳಿದರೆ ಉತ್ತರ ಹೇಳಿದನೇ ಹೊರತು, ತಾನಾಗಿ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ಯಾವ ಪುಸ್ತಕದಲ್ಲಿ ದಾಖಲು ಮಾಡಲಿ?

ಅಂದಿನಿಂದ ನಾನು ಒಂದು ನಿಯಮವನ್ನು ಪಾಲಿಸಿದೆ. ಕಿರಿಯ ಉಪಾಧ್ಯಾಯರಿಗೂ ಅದನ್ನೇ ಹೇಳುತ್ತೇನೆ. ಮಗುವಿನ ಗುಟ್ಟನ್ನು ಬರೆಯಬೇಡಿ. ನೀವು ಮಗುವಿಗೆ ಕೊಟ್ಟ ಮಾತನ್ನು ಬರೆಯಿರಿ. ‘ಆಗಸ್ಟ್ 8: ಮಾತಾಡಿದೆ. ಶುಕ್ರವಾರ ಮತ್ತೆ ಮಾತಾಡುವೆನೆಂದು ಹೇಳಿದ್ದೇನೆ. ಕನ್ನಡಕದ ವಿಷಯ ವೈದ್ಯರ ತಂಡಕ್ಕೆ ತಿಳಿಸಬೇಕು.’ ಇಷ್ಟು ಸಾಕು. ಮುಂದಿನ ಶುಕ್ರವಾರ ಆ ಸಾಲಿನ ಎದುರಿಗೆ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಬರೆಯಿರಿ. ಹೆಸರಿನ ಬದಲು ಒಂದು ಗುರುತು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಇಂಥ ಪುಸ್ತಕವನ್ನು ಯಾರು ತಿರುವಿಹಾಕಿದರೂ ಮಗುವಿನ ಮಾನಕ್ಕೆ ಕುಂದಿಲ್ಲ. ಕುಂದು ಬಂದರೆ ಮಾತು ತಪ್ಪಿದ ನಮಗೆ. ಪುಸ್ತಕವು ಮಗುವನ್ನು ಕಾಯುವುದರ ಬದಲು ಮಾಸ್ತರನನ್ನು ಕಾಯುತ್ತದೆ.

ಆದರೆ ಒಂದು ಎಚ್ಚರಿಕೆ. ಎಲ್ಲ ಗುಟ್ಟನ್ನೂ ಕಾಯುತ್ತೇನೆಂದು ಮಗುವಿಗೆ ಮಾತು ಕೊಡಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಅದನ್ನು ಪೋಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆಯು ವಿಧಿಸುತ್ತದೆ, ತಿಳಿಸದಿರುವುದು ಅಪರಾಧ. ಆದುದರಿಂದ, “ನಿನಗೆ ಸಹಾಯಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ” ಎಂಬುದೇ ನಿಜವಾದ ಮಾತು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯೂ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಯೂ ಶಾಲೆಯ ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಇರಬೇಕು. ನಾನು ಕಂಡ ಅನೇಕ ಕಡೆ ಅವು ಕಛೇರಿಯ ಕೊಠಡಿಯಲ್ಲಿ, ಗಡಿಯಾರದ ಮೇಲೆ ಇದ್ದುವು. ಇನ್ನು, ಹೊಡೆಯುವ ಮಾಸ್ತರನ ಬಳಿ ಯಾವ ಮಗುವೂ ಬಾಯಿ ಬಿಡದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವುದು ಆಪ್ತಸಲಹೆಯ ದೃಷ್ಟಿಯಿಂದಲೂ ಮೊದಲ ಮೆಟ್ಟಿಲು. ಬೆತ್ತವನ್ನು ಮೇಜಿನ ಮೇಲಿಟ್ಟುಕೊಂಡು ‘ನಿನ್ನ ಕಷ್ಟ ಹೇಳು’ ಎನ್ನುವವರೂ ಇದ್ದಾರೆ!

ಪಟ್ಟಣದಲ್ಲಿ ಕುಳಿತು ಕೇಳುತ್ತಿರುವ ತಮಗೆ ಇದರಲ್ಲಿ ಪಾತ್ರವೇನು ಎಂದು ತಾವು ಕೇಳಬಹುದು. ತಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವವರ ತಗಡಿನ ಶೆಡ್ಡಿನ ಮುಂದೆ ಮರಳಿನ ರಾಶಿಯಲ್ಲಿ ಆಡುತ್ತಿರುವ ಮಗುವು ಬೇವೂರಿನ ಕಡೆಯದೇ ಇರಬಹುದು. ಅಲ್ಲಿಯ ಹಾಜರಿ ಪುಸ್ತಕದಲ್ಲಿ ಅದರ ಸಾಲು ಖಾಲಿಯಾಗಿದೆ, ಇಲ್ಲಿ ಅದಕ್ಕೆ ಸಾಲೇ ಇಲ್ಲ. ಹುಟ್ಟಿದ ತಾರೀಖಿನ ಕಾಗದವಿಲ್ಲವೆಂದಾಗಲಿ, ವರ್ಷದ ನಡುವೆ ಬಂದಿತೆಂದಾಗಲಿ ಆ ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲವೆಂದು ಮೇಲೆ ಹೇಳಿದ ಕಾಯಿದೆಯೇ ಹೇಳುತ್ತದೆ. ಹತ್ತಿರದ ಸರ್ಕಾರಿ ಶಾಲೆಗೆ ಆ ತಂದೆ ತಾಯಿಯರ ಜೊತೆಯಲ್ಲಿ ಒಂದು ಬೆಳಿಗ್ಗೆ ನಡೆದುಹೋಗುವುದಕ್ಕೆ ಮನಶ್ಶಾಸ್ತ್ರದ ಪದವಿ ಬೇಡ. ಕರ್ನಾಟಕದಲ್ಲಿ ಒಂದೊಂದು ಮಗುವಿಗೂ ಸ್ಯಾಟ್ಸ್ ಎಂಬ ವ್ಯವಸ್ಥೆಯಲ್ಲಿ ಒಂದು ಸಂಖ್ಯೆಯುಂಟು. ಶಾಲೆ ಬದಲಾದರೂ ಆ ಸಂಖ್ಯೆ ಮಗುವಿನ ಹಿಂದೆಯೇ ಬರುತ್ತದೆ. ಆದರೆ ಈ ಮಗುವು ಕತ್ತಲೆಗೆ ಹೆದರುತ್ತದೆ, ಚಿತ್ರ ಬರೆಯಲು ಕೊಟ್ಟರೆ ಅಳು ನಿಲ್ಲಿಸುತ್ತದೆ ಎಂಬ ತಿಳಿವಳಿಕೆ ಆ ಸಂಖ್ಯೆಯಲ್ಲಿ ಸೇರಿಲ್ಲ. ಗುಳೆ ಹೊರಟ ದಿನ ತಾಯಿಯ ಕೈಗೆ ಅಕ್ಕೋರು ನಾಲ್ಕು ಸಾಲಿನ ಒಂದು ಚೀಟಿಯನ್ನು ಬರೆದುಕೊಟ್ಟರೆ, ಅದನ್ನು ಓದುವ ಇನ್ನೊಬ್ಬ ಅಕ್ಕೋರು ಬೆಂಗಳೂರಿನಲ್ಲಿ ಸಿಕ್ಕಾರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆಗಳಿಗೆ ಆಪ್ತಸಲಹೆಗಾರರನ್ನೂ ಸಮಾಜಕಾರ್ಯಕರ್ತರನ್ನೂ ಒದಗಿಸಬೇಕೆಂದು ಹೇಳಿದೆ. ಒದಗಿಸಲಿ, ಬೇಗ ಒದಗಿಸಲಿ. ತೀರ ಗಂಭೀರವಾದ ಮನೋವ್ಯಥೆಯನ್ನು ಮಾಸ್ತರನು ಗುಣಪಡಿಸಲಾರನು, ಗುಣಪಡಿಸಲು ಹೋಗಲೂ ಬಾರದು. ಅಂಥ ಮಗುವನ್ನು ಜಿಲ್ಲಾ ತಂಡದ ವೈದ್ಯರಿಗೆ ತೋರಿಸಿ, ತೋರಿಸಿದ ತಾರೀಖನ್ನು ಬರೆದುಕೊಳ್ಳಬೇಕು. ಆದರೆ ಆ ಸಲಹೆಗಾರರು ಬಂದ ದಿನ ಮೊದಲು ಕೇಳುವ ಪ್ರಶ್ನೆ, “ಯಾವ ಮಗುವಿನಿಂದ ಆರಂಭಿಸಲಿ?” ಎಂಬುದೇ ಆಗಿರುತ್ತದೆ. ಅದಕ್ಕೆ ಉತ್ತರ ಹೇಳುವ ಪುಸ್ತಕವು ಶಾಲೆಯಲ್ಲಿ ಇರಬೇಕು.

ಏಪ್ರಿಲ್ ತಿಂಗಳಲ್ಲಿ ಶಾಲೆ ಮುಚ್ಚುವ ಮುನ್ನ ಇನ್ನೊಂದು ಕೆಲಸವುಂಟು. ಮಾಸ್ತರರಿಗೆ ಬೇಸಗೆಯಲ್ಲಿ ವರ್ಗವಾಗಬಹುದು, ತರಗತಿ ಬದಲಾಗಬಹುದು. ಆ ದಿನ ಪುಸ್ತಕವನ್ನು ಮೊದಲಿನಿಂದ ಓದಿ, ‘ಆಯಿತು’ ಎಂದು ಬರೆದ ಸಾಲುಗಳನ್ನೆಲ್ಲ ಬಿಟ್ಟು, ‘ಆಗಲಿಲ್ಲ’ ಎಂದು ಉಳಿದ ಮಾತುಗಳನ್ನು ಮಾತ್ರ ಹೊಸ ಪುಸ್ತಕದ ಮೊದಲನೆಯ ಪುಟಕ್ಕೆ ಇಳಿಸಿ, ಅದನ್ನು ಮುಂದಿನ ತರಗತಿಯ ಉಪಾಧ್ಯಾಯರ ಕೈಗೆ ಎದುರಿಗೆ ಕುಳಿತು ಒಪ್ಪಿಸಬೇಕು. ಹಳೆಯ ಪುಸ್ತಕವನ್ನು ಕಪಾಟಿನಲ್ಲಿ ಇಡಬಾರದು. ಅದನ್ನು ಸುಟ್ಟುಬಿಡಬೇಕು.